ಯಾರಿಗೆ ತಿಳೀತೈತಿ ಬಿಡ್ರಿ!

ಹೋದ ವರ್ಷ ಜೂನ್ ತಿಂಗಳು. ನಮ್ಮ ಮಗಳು ಪಲ್ಲವಿ ಇಂಟರ್‌ಮೀಡಿಯೆಟ್, ಅಂದರೆ ಇಲ್ಲಿಯ ಪಿಯುಸಿ, ಮುಗಿಸಿ, ಎಂಜಿನಿಯರಿಂಗ್ ಕೋಚಿಂಗ್‌ಗೆ ಹೋಗುವುದೇ ಇಲ್ಲ ಎಂದು ಪಟ್ಟು ಹಿಡಿದು ಕುಳಿತಿದ್ದಳು. ಅವಳಿಗೆ ಬೇಕಾಗಿದ್ದುದು ಲಿಫ್ಟ್ ರಿಪೇರಿ ಕೆಲಸ! ಹೈದರಾಬಾದಿನ ಮಿಯಾಪುರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಆಗಾಗ ಕೈ ಕೊಡುತ್ತದೆ. ಮೆಕ್ಯಾನಿಕ್ ಬಂದಾಗಲೆಲ್ಲ ಇವಳು ಅವನ ಹಿಂದೆಯೇ ಮೇಲಿನ ಮಷೀನ್ ರೂಮಿಗೆ ಹತ್ತಿ, ಊಟಕ್ಕೆ ಕರೆದರೂ ಇಳಿಯುತ್ತಿರಲಿಲ್ಲ. ಚಿಕ್ಕಂದಿನ ಹುಚ್ಚು, ತಾನೇ ಬಿಡುತ್ತದೆ ಎಂದುಕೊಂಡಿದ್ದೆವು. ಬಿಡಲಿಲ್ಲ.

ಊರಲ್ಲಿ ಹೊಸದಾಗಿ ಒಂದು ಕಮ್ಯುನಿಟಿ ಕಾಲೇಜು ಶುರುವಾಗಿದೆ, ಉಪ್ಪಲ್, ನಾರಾಯಣಗೂಡ, ಮಿಯಾಪುರ ಮೂರೂ ಕಡೆ ಕ್ಯಾಂಪಸ್ ಇದೆ, ಪುಸ್ತಕಕ್ಕಿಂತ ಕೈಕೆಲಸವೇ ಅಲ್ಲಿ ಹೆಚ್ಚು ಎಂದು ಅವಳೇ ಪತ್ತೆ ಹಚ್ಚಿಕೊಂಡು ಬಂದಳು. ಭಾನುವಾರ ನಾರಾಯಣಗೂಡದ ಕ್ಯಾಂಪಸ್ಸಿನಲ್ಲಿ ತಂದೆತಾಯಿಗಳಿಗೆ ಕಾಲೇಜಿನ ಪರಿಚಯ ಮಾಡಿಕೊಡುವ ಕಾರ್ಯಕ್ರಮವಿತ್ತು.

"ಒಮ್ಮೆ ಬಂದು ನೋಡ್ರಿ. ಆಮ್ಯಾಲ ಬ್ಯಾಡ ಅನ್ನೂದಿದ್ರ ಅನ್ರಿ" ಎಂದಳು.

ಹೋಗಿ ನೋಡುವುದು, ಬಂದು ಬೇಡ ಎನ್ನುವುದು ಎಂದು ನಾನು ಮೊದಲೇ ತೀರ್ಮಾನಿಸಿದ್ದೆ. ಮೂರು ದಿನಕ್ಕೊಮ್ಮೆ ಬಾಗಲಕೋಟೆಯಿಂದ ಫೋನ್ ಮಾಡುವ ನನ್ನ ನಾದಿನಿಗೆ 'ನಮ್ಮ ಹುಡುಗಿ ಲಿಫ್ಟ್ ಮೆಕ್ಯಾನಿಕ್ ಆಗ್ತಾಳ' ಎಂದು ಯಾವ ಬಾಯಿಂದ ಹೇಳುವುದು?

ಇಲ್ಲಿ ನಮ್ಮ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ನಾವು ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾಗುತ್ತಾ ಬಂತು. ಮನೆಯಲ್ಲಿ ಕನ್ನಡ, ಹೊರಗೆ ತೆಲುಗು, ಹಿಂದಿ. ಆದರೆ ಹೊರಗೂ ಕನ್ನಡ ಒಂದು ಕೆಲಸಕ್ಕೆ ಉಪಯೋಗವಾಗುತ್ತದೆ. ಎದುರಿಗಿದ್ದವರ ಬಗ್ಗೆ ಅವರ ಎದುರಿಗೇ ಮಾತಾಡಲು! ಸೀರೆ ಅಂಗಡಿಯಲ್ಲಿ ಅಂಗಡಿಯವನ ಮುಖ ನೋಡುತ್ತಲೇ "ಬಣ್ಣ ಬಿಡ್ತೈತಿ, ಏಳ್ರಿ" ಎನ್ನಬಹುದು. ಮೆಟ್ರೋದಲ್ಲಿ ಮುಂದೆ ಕುಳಿತವರ ಲಿಪ್‌ಸ್ಟಿಕ್ ಬಗ್ಗೆ ಚರ್ಚಿಸಬಹುದು. ನಗು ತಡೆದುಕೊಂಡರೆ ಸಾಕು. ನಮಗೆ ಗೊತ್ತಿರುವ ಕನ್ನಡದ ಮನೆಗಳಲ್ಲೆಲ್ಲ ಇದು ನಡೆಯುತ್ತದೆ, ಅದರಲ್ಲೂ ನನ್ನ ನಾಲಿಗೆ ಸ್ವಲ್ಪ ಉದ್ದವೇ.

ಆ ಭಾನುವಾರ ಸಭಾಂಗಣದಲ್ಲಿ ಮಕ್ಕಳನ್ನು ಮುಂದಿನ ಸಾಲುಗಳಲ್ಲಿ ಕೂರಿಸಿದ್ದರು, ನಮ್ಮನ್ನು ಹಿಂದೆ. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ಯಾಕೆ ಎಂದು ಕೇಳಬೇಡಿ, ಬಹುಶಃ ನಾವು ಅಂಥವರಲ್ಲ ಎಂದು ತೋರಿಸಿಕೊಳ್ಳಲು. ನಮ್ಮ ಯಜಮಾನರು ನನ್ನ ಬಲಕ್ಕೆ ಕುಳಿತಿದ್ದರು. ಎಡಗಡೆಯ ಕುರ್ಚಿಗೆ ಒಬ್ಬ ಹೆಂಗಸು ಬಂದು ಕುಳಿತರು. ಮಾಸಿದ ನೂಲಿನ ಸೀರೆ, ಸುಣ್ಣಕ್ಕೆ ಒಡೆದ ಕೈಗಳು. ಕಟ್ಟಡದ ಕೆಲಸದಿಂದ ನೆಟ್ಟಗೆ ಬಂದವರಂತೆ ಕಾಣುತ್ತಿದ್ದರು. "ಕಾರ್ಯಕ್ರಮ ಶುರುವಾಯಿತಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು. "ಇನ್ನೂ ಇಲ್ಲ" ಎಂದೆ, ನಾನೂ ತೆಲುಗಿನಲ್ಲೇ. ಈಗ ಬರೆಯುವಾಗ 'ಅವರು' ಎನ್ನುತ್ತಿದ್ದೇನೆ. ಆ ದಿನ ನನ್ನ ಬಾಯಲ್ಲಿ 'ನುವ್ವು' ಎಂದೇ ಬಂದಿತ್ತು, ಅಂದರೆ 'ನೀನು'.

ಆಮೇಲೆ ಯಜಮಾನರ ಕಡೆ ತಿರುಗಿ ಕನ್ನಡದಲ್ಲಿ ಶುರು ಮಾಡಿದೆ.

"ನೋಡ್ರಿ, ಇಂಥವರ ಮಕ್ಕಳ ಬಾಜೂಕ ಕುಂಡ್ರಬೇಕು ನಿಮ್ಮ ಮಗಳು. ಮೈಯೆಲ್ಲಾ ಸಿಮೆಂಟ್ ವಾಸನಿ ಬರಾಕತ್ತೇತಿ. ಸ್ವಲ್ಪ ಆ ಕಡೆ ಸರೀರಿ."

"ಮೆಲ್ಲಕ ಮಾತಾಡ" ಎಂದರು ಯಜಮಾನರು.

"ಯಾರಿಗೆ ತಿಳೀತೈತಿ ಬಿಡ್ರಿ! ಇವರ ಮಕ್ಕಳು ಕಲೀಲಿ ಇದನ್ನ, ಹುಟ್ಟಿದಾಗಿಂದ ಮಾಡೂ ಕೆಲಸನ ಅದು. ನಮ್ಮ ಕೂಸಿಗೆ ಏನು ಗತಿಗೇಡು ಬಂದೈತಿ?"

ಸ್ವಲ್ಪ ಹೊತ್ತಿಗೆ ಆ ಹೆಂಗಸು ಎದ್ದು, ನಡುವೆ ಒಂದು ಕುರ್ಚಿ ಬಿಟ್ಟು ಆಚೆ ಕುಳಿತರು. ಫ್ಯಾನ್ ಗಾಳಿಗೆ ಹೋದರೇನೋ ಎಂದುಕೊಂಡು ನಾನು ಆ ಖಾಲಿ ಕುರ್ಚಿಯ ಮೇಲೆ ನನ್ನ ವ್ಯಾನಿಟಿ ಬ್ಯಾಗ್ ಇಟ್ಟೆ.

ಪ್ರಾಂಶುಪಾಲರು ಬಂದರು. ಅಂಗಿಯ ತೋಳು ಮಡಚಿಕೊಂಡಿದ್ದ ವಯಸ್ಸಾದ ಮನುಷ್ಯ. ತೆಲುಗಿನಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಹೇಳಿದರು. ಮೂರು ಕ್ಯಾಂಪಸ್ಸಾದರೂ ಕಾಲೇಜು ಒಂದೇ. ಉಪ್ಪಲ್‌ನಲ್ಲಿ ಗಾಡಿಗಳು ಮತ್ತು ಸೋಲಾರ್, ನಾರಾಯಣಗೂಡದಲ್ಲಿ ಅಡುಗೆ, ಬೇಕರಿ ಮತ್ತು ರೋಗಿಗಳ ಆರೈಕೆ, ಮಿಯಾಪುರದಲ್ಲಿ ಲಿಫ್ಟು, ಪಂಪು, ನಲ್ಲಿ ಕೆಲಸ. ಮೊದಲ ಕೆಲವು ತಿಂಗಳು ಮಕ್ಕಳು ಮೂರೂ ಕಡೆ ಹೋಗಿ ಎಲ್ಲಕ್ಕೂ ಕೈ ಹಾಕಿ ನೋಡಬೇಕು. ತಮಗೆ ಯಾವುದು ಒಗ್ಗುತ್ತದೆ ಎಂದು ಆಮೇಲೆ ಅವರೇ ಆರಿಸಿಕೊಳ್ಳುತ್ತಾರೆ. ವಾರದ ಅರ್ಧದಷ್ಟು ದಿನ ನಿಜವಾದ ಕೆಲಸದ ಜಾಗದಲ್ಲೇ ಕಲಿಕೆ. ವಯಸ್ಸಿನ ಅಡ್ಡಿ ಇಲ್ಲ, ತಾಯಂದಿರೂ ಸೇರಬಹುದು ಎಂದಾಗ ಎಲ್ಲರೂ ನಕ್ಕರು.

"ನಾನು ಎಷ್ಟು ಹೇಳಿದರೂ ಅದು ಭಾಷಣವೇ. ಇವತ್ತು ಮಕ್ಕಳು ಕುಳಿತು ನೋಡಲಿ, ತಂದೆತಾಯಿ ಕೆಲಸ ಮಾಡಲಿ" ಎಂದು ನಮ್ಮನ್ನು ಪಕ್ಕದ ವರ್ಕ್‌ಶಾಪಿಗೆ ಕರೆದೊಯ್ದರು.

ಅಕ್ಕಪಕ್ಕ ಕುಳಿತ ಹೆಂಗಸರನ್ನು ಇಬ್ಬಿಬ್ಬರಂತೆ ಒಂದೊಂದು ಮೇಜಿಗೆ ನಿಲ್ಲಿಸಿದರು. ನನಗೆ ಜೊತೆಯಾದವರು ಅವರೇ. ನಮ್ಮ ಮುಂದೆ, ಮಿಯಾಪುರದ ಕ್ಯಾಂಪಸ್ಸಿನಿಂದ ಆ ದಿನಕ್ಕೆಂದು ತಂದಿಟ್ಟಿದ್ದ ಒಂದು ಪೈಪು, ಒಂದು ನಲ್ಲಿ, ಬಿಳಿ ಟೇಪಿನ ಸುರುಳಿ. ಟೇಪ್ ಸುತ್ತಿ ನಲ್ಲಿ ಕೂರಿಸಬೇಕು, ಆಮೇಲೆ ನೀರು ಬಿಡುತ್ತಾರೆ, ಸೋರಬಾರದು.

"ನಿನಗೆ ಬರುತ್ತದಲ್ಲ, ಮಾಡು" ಎಂದೆ ತೆಲುಗಿನಲ್ಲಿ.

ಅವರು ನಕ್ಕರು. "ನಾನು ಇಟ್ಟಿಗೆ ಹೊರುವವಳಮ್ಮಾ. ನಲ್ಲಿ ಮುಟ್ಟಲು ನನ್ನನ್ನು ಯಾರು ಬಿಡುತ್ತಾರೆ?"

ಹೀಗೆ ಏನೂ ಗೊತ್ತಿಲ್ಲದ ಇಬ್ಬರು ಸೇರಿಕೊಂಡು ಟೇಪ್ ಸುತ್ತಿದೆವು. ನಾನು ಒಂದು ದಿಕ್ಕಿಗೆ ಸುತ್ತಿದರೆ ನಲ್ಲಿ ತಿರುಗಿಸುವಾಗ ಅದು ಬಿಚ್ಚಿಕೊಂಡು ಬಂತು. ಅವರು ಸುತ್ತಿದರೆ ದಪ್ಪವಾಗಿ ನಲ್ಲಿ ಒಳಗೇ ಹೋಗಲಿಲ್ಲ. ಕೊನೆಗೆ ಹೇಗೋ ಕೂರಿಸಿ ನೀರು ಬಿಟ್ಟಾಗ ಪಿಚಕಾರಿಯಂತೆ ಚಿಮ್ಮಿ ನನ್ನ ಮುಖ, ಸೀರೆ ಎಲ್ಲಾ ತೊಯ್ದು ಹೋಯಿತು. ಅವರು ಗಾಬರಿಯಿಂದ ತಮ್ಮ ಸೆರಗಿನಲ್ಲಿ ಮೊದಲು ನನ್ನ ಕೆನ್ನೆ ಒರೆಸಿ, ಆಮೇಲೆ ಸೀರೆ ಒತ್ತಿ ಒತ್ತಿ ನೀರು ತೆಗೆದರು. ನಾನು ನಗಲು ಶುರು ಮಾಡಿದೆ, ಅವರೂ ನಕ್ಕರು. ಮೂರನೆಯ ಸಲಕ್ಕೆ ನಲ್ಲಿ ಒಂದು ಹನಿಯೂ ಸೋರಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಖುಷಿಯಾಗಿ ಎಷ್ಟೋ ದಿನವಾಗಿತ್ತು. ಇವರು ಒಳ್ಳೆಯವರು ಎನಿಸಿತ್ತು ನನಗೆ. ಸಿಮೆಂಟಿನ ವಾಸನೆ ಮರೆತೇ ಹೋಗಿತ್ತು.

ಆಗ ಮಕ್ಕಳ ಗುಂಪಿನಿಂದ ಒಬ್ಬ ಹುಡುಗಿ ಓಡಿಬಂದು ಅವರ ತೋಳು ಹಿಡಿದಳು.

"ಯವ್ವಾ! ಒಂದ್ ಹನಿನೂ ಸೋರಲಿಲ್ಲಲ್ಲ! ನಾ ಅಲ್ಲಿಂದ ನೋಡಾಕತ್ತಿದ್ನಿ!"

ಕನ್ನಡ. ನಮ್ಮ ಕಡೆಯದೇ ಕನ್ನಡ.

ಆ ತಾಯಿ ಒಂದು ಕ್ಷಣ ನನ್ನ ಮುಖ ನೋಡಿ ಕಣ್ಣು ತಗ್ಗಿಸಿದರು. ಆಮೇಲೆ ಮಗಳಿಗೆ "ಪೋದಾಂ ಪಾ ಬಿಡ್ಡಾ" ಎಂದರು. ನಡಿ ಮಗಾ, ಹೋಗೋಣ ಎಂದು ತೆಲುಗಿನಲ್ಲಿ.

ಹುಡುಗಿಗೆ ನಗು ಬಂತು. "ಯಾಕ ಯವ್ವಾ, ನನ್ನ ಕೂಡ ತೆಲುಗಿನ್ಯಾಗ ಮಾತಾಡಾಕತ್ತಿ?"

ನಮ್ಮ ಪಲ್ಲವಿಯೂ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದಳು. ಅವಳಿಗೇನು ಗೊತ್ತು ಪಾಪ! ಹಿಗ್ಗಿ ಹೀರೇಕಾಯಿಯಾದಳು. "ಅಯ್ಯ, ನೀವು ಕನ್ನಡದವರಾ? ಯಾವ ಕಡಿಯವರು?"

"ಯಾದಗಿರಿ ಕಡಿಯವರು. ನಾ ರೇಣುಕಾ."

"ಅಮ್ಮಾ, ಇವರು ನಮ್ಮವರ ನೋಡ! ಮಾತಾಡ್ಸ!" ಎಂದು ನನ್ನ ಕೈ ಹಿಡಿದು ಎಳೆದಳು.

ಏನು ಮಾತಾಡಿಸಲಿ? ಆಡಬೇಕಾದ್ದನ್ನೆಲ್ಲ ಕುರ್ಚಿಯಲ್ಲಿ ಕುಳಿತೇ ಆಡಿ ಮುಗಿಸಿದ್ದೆನಲ್ಲ! ಅವರು ಯಾಕೆ ಎದ್ದು ಒಂದು ಕುರ್ಚಿ ಬಿಟ್ಟು ಕುಳಿತರು ಎಂದು ಆಗ ಹೊಳೆಯಿತು. ಸಿಮೆಂಟ್ ವಾಸನೆ ಎಂದ ನನ್ನ ಮಾತು ಕೇಳಿ, ನನಗೆ ತೊಂದರೆಯಾಗದಿರಲಿ ಎಂದು ತಾವೇ ಸರಿದಿದ್ದರು. ಅದೇ ಸೆರಗಿನಲ್ಲಿ ಆಮೇಲೆ ನನ್ನ ಕೆನ್ನೆ ಒರೆಸಿದ್ದರು. ಗಂಡಸರ ಮೇಜಿನಿಂದ ಬಂದ ನಮ್ಮ ಯಜಮಾನರು ಎಲ್ಲ ಕೇಳಿಸಿಕೊಂಡು ಮೊಬೈಲಿನಲ್ಲಿ ಮುಖ ಹುದುಗಿಸಿದರು. ನೆಲ ಬಾಯಿ ಬಿಡಬಾರದೇ ಎನಿಸಿತು ನನಗೆ.

ಆ ತಾಯಿಯೇ ನನ್ನನ್ನು ಪಾರು ಮಾಡಿದರು. ಪಲ್ಲವಿಯ ತಲೆ ಸವರಿ ತೆಲುಗಿನಲ್ಲಿ ಹೇಳಿದರು: "ನಾವು ಈ ಕಡೆ ಬಂದು ಬಹಳ ದಿನವಾಯಿತಮ್ಮಾ. ನನಗೆ ಕನ್ನಡ ಮರೆತೇ ಹೋಗಿದೆ. ಈಗ ಏನೂ ತಿಳಿಯುವುದಿಲ್ಲ."

ರೇಣುಕಾ ಬಾಯಿ ತೆರೆದು ತಾಯಿಯ ಮುಖವನ್ನೇ ನೋಡಿದಳು. ಅವರು ಅವಳ ಕೈ ಹಿಡಿದುಕೊಂಡು ಬೇಗ ಬೇಗ ನಡೆದರು. ಗೇಟಿನ ಹತ್ತಿರ ಹುಡುಗಿ ಏನೋ ಕೇಳುತ್ತಿದ್ದುದು, ತಾಯಿ ಅವಳನ್ನು ಎಳೆದುಕೊಂಡೇ ಹೋಗುತ್ತಿದ್ದುದು ಕಾಣಿಸುತ್ತಿತ್ತು. ನನ್ನ ಮರ್ಯಾದೆ ಉಳಿಸಲು ಆಕೆ ಹೆತ್ತ ಮಗಳ ಎದುರಿಗೆ ತಮ್ಮ ಮಾತೇ ತಮಗೆ ಬಾರದು ಎಂದು ಸುಳ್ಳು ಹೇಳಿದ್ದರು.

ಮೆಟ್ರೋದಲ್ಲಿ ಮನೆಗೆ ಹೊರಟೆವು. "ನಾ ಕಾಲೇಜ್ ಸೇರೂದಕ್ಕ ಏನಂತೀ?" ಎಂದು ಪಲ್ಲವಿ ಅಳುಕುತ್ತಾ ಕೇಳಿದಳು. "ಸೇರು" ಎಂದೆ. ಅವಳು ನಂಬಲಿಲ್ಲ, ಮತ್ತೆ ಕೇಳಿದಳು. ಮತ್ತೆ ಅದನ್ನೇ ಹೇಳಿದೆ. ನನ್ನ ಮನಸ್ಸು ದೊಡ್ಡದಾಯಿತು ಎಂದು ಅವಳು ಇವತ್ತಿಗೂ ಎಲ್ಲರ ಮುಂದೆ ಹೊಗಳುತ್ತಾಳೆ. ನಿಜವೆಂದರೆ, ಬೇಡ ಎನ್ನಲು ನನಗೆ ಮುಖ ಉಳಿದಿರಲಿಲ್ಲ, ಅಷ್ಟೇ.

ಈಗ ಪಲ್ಲವಿ, ರೇಣುಕಾ ಇಬ್ಬರೂ ಲಿಫ್ಟ್ ಕೋರ್ಸನ್ನೇ ಆರಿಸಿಕೊಂಡಿದ್ದಾರೆ. ಭಾರೀ ಗೆಳತಿಯರು. ಆ ತಾಯಿಯ ಹೆಸರು ಸಾಬಮ್ಮ ಎಂದು ಗೊತ್ತಾಗಿದ್ದೂ ಮಗಳಿಂದಲೇ. ಕೆಲವು ತಿಂಗಳ ಹಿಂದೆ ಮಕ್ಕಳು ಮಾಡಿದ ಕೆಲಸ ತೋರಿಸಲು ಕರೆದಿದ್ದಾಗ ಅವರು ಮತ್ತೆ ಸಿಕ್ಕರು. ನಾನು ಹಲವು ದಿನ ಮನಸ್ಸಿನಲ್ಲೇ ಆಡಿಕೊಂಡಿದ್ದ ಮಾತು ಸಿದ್ಧವಿತ್ತು. ಅವರನ್ನು ಒಂದು ಕಡೆ ಕರೆದು, ಕನ್ನಡದಲ್ಲಿ ಹೇಳಿದೆ.

"ಸಾಬಮ್ಮಾರ, ಅವತ್ತು ನಾ ಭಾಳ ಹೊಲಸ ಮಾತಾಡಿದೆ. ನನ್ನದು ತಪ್ಪಾತ್ರಿ. ಹೊಟ್ಯಾಗ ಹಾಕ್ಕೊಳ್ರಿ."

ಅವರು ನಾನು ಮುಗಿಸುವವರೆಗೂ ಕೇಳಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಮೆಲ್ಲಗೆ ನಕ್ಕು, "ಅರ್ಥಂ ಕಾಲೇದಮ್ಮಾ" ಎಂದರು. ಅರ್ಥವಾಗಲಿಲ್ಲಮ್ಮಾ ಎಂದು. ಪಲ್ಲವಿ ಚೆನ್ನಾಗಿದ್ದಾಳಾ, ಊಟ ಸರಿಯಾಗಿ ಮಾಡುತ್ತಾಳಾ ಎಂದು ತೆಲುಗಿನಲ್ಲೇ ವಿಚಾರಿಸಿದರು.

ಅದು ಕ್ಷಮೆಯೋ, ನಿನ್ನ ಕನ್ನಡ ನನಗೆ ಬೇಡ ಎಂದದ್ದೋ ನನಗೆ ಇನ್ನೂ ತಿಳಿದಿಲ್ಲ. ಕೇಳುವ ಧೈರ್ಯವೂ ಇಲ್ಲ. ನಮ್ಮ ಹುಡುಗಿಯರು ಪಕ್ಕದಲ್ಲೇ ನಿಂತು ಕನ್ನಡದಲ್ಲಿ ಹರಟೆ ಹೊಡೆಯುತ್ತಿರುತ್ತಾರೆ. ನಾವಿಬ್ಬರೂ ಮಾತ್ರ ಈಗಲೂ ತೆಲುಗಿನಲ್ಲೇ ಮಾತಾಡುತ್ತೇವೆ.