ಠಾಕುರ್ಲಿ ನಾಲಾ ಬದಿಯ ತಜಂಕ್

ಎದುರು ಮನೆಯ ಸೇಫ್ಟಿ ಡೋರ್ ಬೆಳಿಗ್ಗೆ ಕಿರ್ರ್ ಎನ್ನುತ್ತಿತ್ತು. ಅರ್ಧಕ್ಕೆ ನಿಂತು, ಮತ್ತೆ ಮೆಲ್ಲಗೆ ಕಿರ್ರ್. ಮಳೆಗಾಲದ ಆಟಿ ತಿಂಗಳು ಹಿಡಿದರೆ ಸಾಕು, ಆ ಮನೆಯಾಕೆ ಹೀಗೆ ಕೊಡೆ, ಚೀಲ ಹಿಡಿದು ಹೊರಡುವಳು. ಮಧ್ಯಾಹ್ನ ನಮ್ಮ ಮನೆಗೆ ಬಿಸಿ ಬಿಸಿ ತಜಂಕ್ ಅಂಬಡೆ, ಅಂದರೆ ಸೊಪ್ಪಿನ ವಡೆ, ಬರುತ್ತಿತ್ತು.

ತಜಂಕ್ ಎಂದರೆ ತಗಟೆ ಸೊಪ್ಪು. ಮಳೆ ಬಿದ್ದರೆ ತಾನಾಗಿ ಹುಟ್ಟುವಂಥದ್ದು. ಉಡುಪಿ ಕಡೆಯವರು ಆಟಿಯಲ್ಲಿ ತಿನ್ನಲೇಬೇಕು. ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ತುಳು ಮಾತಾಡಲು ನನಗಿದ್ದವಳು ಆಕೆಯೊಬ್ಬಳೇ. ಹಾಗಾಗಿ, ಎಲ್ಲಿ ಬೇಸರವಾದೀತೋ ಎಂದು, ಸೊಪ್ಪು ಎಲ್ಲಿಯದೆಂದು ಎಷ್ಟೋ ವರ್ಷ ಕೇಳಲಿಲ್ಲ. ಕೇಳಿದ್ದು ಸೊಸೆ ಬಸುರಿಯಾದಾಗ. ಮರಾಠಿ ಹುಡುಗಿ, ಆದರೂ ಆ ಅಂಬಡೆಯೆಂದರೆ ಪ್ರಾಣ. ಇಲ್ಲೇ, ಹತ್ತಿರ ಎಂದಳು ಆಕೆ. ಉತ್ತರ ನನಗೆ ವೆರಿ ಸಸ್ಪಿಶಿಯಸ್ ಅನಿಸಿತು.

ಮರುದಿನ ಮಾರ್ನಿಂಗ್ ವಾಕ್ ನೆಪದಲ್ಲಿ ಹಿಂದೆಯೇ ಹೋದೆ. ಠಾಕುರ್ಲಿ ಕಡೆಯ ರೈಲ್ವೆ ಗೋಡೆ, ಪಕ್ಕದಲ್ಲಿ ಫ್ಯಾಕ್ಟರಿಗಳ ಬಣ್ಣ ಬಣ್ಣದ ಕೊಳಚೆ ನೀರಿನ ನಾಲಾ. ಅದರ ಅಂಚಿನಲ್ಲೇ ಬಗ್ಗಿ ಚಿಗುರು ಚಿವುಟುತ್ತಿದ್ದಳು. ಆಕೆ ಹೋದ ಮೇಲೆ ನಾನೂ ಒಂದು ಗೆಲ್ಲು ಕಿತ್ತೆ. ಎಲೆಯನ್ನು ತಿರುಗಿಸಿ ನೋಡಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ನಮ್ಮ ತಗಟೆ ನುಣುಪು. ಇದರ ದಂಟಿಗೆ ಕಂದು ರೋಮ. ಮಗ ಮೊಬೈಲಿನಲ್ಲಿ ಹುಡುಕಿ, ಅಮೆರಿಕದ ಕಡೆಯಿಂದ ಬಂದು ಹಬ್ಬಿದ ಕಳೆ ಇರಬಹುದು, ತಗಟೆಯ ಜಾತಿಯದೇ, ಪಕ್ಕಾ ಹೇಳಲಾಗದು ಎಂದ. ಪಕ್ಕಾ ಇಲ್ಲದ ಮೇಲೆ ಬಸುರಿಯ ಹೊಟ್ಟೆಗೆ ಹೇಗೆ ಹಾಕುವುದು?

ಆ ಮಧ್ಯಾಹ್ನ ಆಕೆ ಅಂಬಡೆಯ ತಟ್ಟೆ ತಂದಳು. ಸೊಸೆ ಕೈ ಚಾಚುವ ಮೊದಲೇ ಅದನ್ನು ಸರಿಸಿ, ರೋಮದ ವಿಷಯ, ನಾಲಾದ ವಿಷಯ ಎಲ್ಲ ಇಂಗ್ಲಿಷ್ ಬೆರೆಸಿ ಆಕೆಗೆ ಹೇಳಿದೆ.

"ನನ್ನ ಹಿಂದೆ ಬಂದಿದ್ರಾ ಅಕ್ಕ?" ಎಂದಳು.

"ಮಗುವಿನ ವಿಷಯ ಅಲ್ವಾ ಮಾರಾಯ್ತಿ."

"ತಜಂಕ್ ಯಾವುದು ಅಂತ ನಂಗೆ ಇಂಗ್ಲಿಷಲ್ಲಿ ಹೇಳ್ಬೇಡಿ. ಇಷ್ಟು ವರ್ಷ ತಿಂದ್ರಲ್ಲ, ನಿಮ್ಗೆ ಎಂತ ಆಯ್ತು?"

ತಟ್ಟೆ ಎತ್ತಿಕೊಂಡು ಹೋದಳು. ಮೊಮ್ಮಗಳು ಗುಂಡುಗುಂಡಗೆ ಹುಟ್ಟಿದಳು, ಥ್ಯಾಂಕ್ ಗಾಡ್. ಅಂಬಡೆ ಮತ್ತೆ ಬರಲಿಲ್ಲ, ತುಳುವೂ ನಿಂತಿತು. ಕೆಲವು ತಿಂಗಳಲ್ಲಿ ಆಕೆ ಕಳವಾ ಸ್ಟೇಷನ್ ಹತ್ತಿರದ ಮಗಳ ಮನೆಗೆ ಹೋದಳೆಂದು ವಾಚ್‌ಮನ್‌ನಿಂದ ತಿಳಿಯಿತು. ಸೊಪ್ಪು ತಗಟೆಯೇ ಆಗಿತ್ತೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಯ ಸಲ ಕಂಡದ್ದು ಕಳವಾ ಸ್ಟೇಷನ್ನಿನಲ್ಲಿ. ನಮ್ಮ ಲೋಕಲ್ ನಿಂತಿತ್ತು, ಮೊಮ್ಮಗಳು ನನ್ನ ತೊಡೆಯ ಮೇಲಿದ್ದಳು. ಆಕೆ ಪ್ಲಾಟ್‌ಫಾರ್ಮಿನಿಂದ ನನ್ನನ್ನು ಬಿಟ್ಟು ಮಗುವನ್ನೇ ನೋಡಿದಳು. ಆಮೇಲೆ ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ಅದರ ಕೆನ್ನೆ ಮುಟ್ಟಿದಳು. ಸೊಪ್ಪು ಚಿವುಟಿ ಬೆರಳ ತುದಿ ಹಸಿರಾಗಿದೆಯೇನೋ ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ ಗಾಡಿ ಹೊರಟಿತು.