ಫೋನಿನೊಳಗೆ ಇನ್ನೂ ದೀಪಾವಳಿ

"ನಿಮಗೂ ನಿಮ್ಮ ಕುಟುಂಬಕ್ಕೂ ದೀಪಾವಳಿಯ ಹಾರ್ದಿಕ ಶುಭಾಶಯಗಳು!"

ಫೋನಿನೊಳಗಿನ ಹೆಣ್ಣುಮಗಳ ದನಿಯಲ್ಲಿ ಎಂಥ ಸಂಭ್ರಮ! ಹಿಂದೆ ಶಹನಾಯಿ. ಅದರ ಹಿಂದೆ ಢಂ ಢಂ ಪಟಾಕಿ. "ಹಬ್ಬದ ಪ್ರಯುಕ್ತ ನಮ್ಮ ಆಸ್ಪತ್ರೆಗೆ ರಜೆ ಇರುತ್ತದೆ. ದಯವಿಟ್ಟು ಹಬ್ಬದ ನಂತರ ಸಂಪರ್ಕಿಸಿ."

ದೀಪಾವಳಿ ಮುಗಿದು ವಾರದ ಮೇಲಾಗಿತ್ತು. ನಮ್ಮ ಕಮಲಾಪುರದಲ್ಲಿ ಹಣತೆಗಳು ಒರೆಸಿಕೊಂಡು ಡಬ್ಬಿ ಸೇರಿದ್ದವು. ನನ್ನ ಕ್ಲಾಸಿನ ಮಕ್ಕಳು ಪಟಾಕಿ ಸುದ್ದಿ ಬಿಟ್ಟು ಕಿರುಪರೀಕ್ಷೆ ಸುದ್ದಿಗೆ ಬಂದಿದ್ದರು. ಕಲಬುರಗಿಯ ಈ ದವಾಖಾನೆಯವರದು ಇನ್ನೂ ಎಂಥ ಹಬ್ಬ?

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಉತ್ತರ. ನನ್ನ ಎದೆಯಲ್ಲಿನ ಗಂಟು ಎಂಥದ್ದು?

ಹಬ್ಬಕ್ಕೆ ಮುಂಚೆ ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು ಅದು. ಒಂದು ಕಡಲೆಕಾಳಿನಷ್ಟು. ಮನೆಯಲ್ಲಿ ಹೇಳಲಿಲ್ಲ. (ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ. ಗಂಡಸರಿಗೆ ವಿವರಿಸಿ ಉಪಯೋಗವಿಲ್ಲ.) ನಮ್ಮ ಶಾಲೆಯಲ್ಲೇ ಉರ್ದು ಕಲಿಸುವ ನಸ್ರೀನ್ ಆಪಾ ಒಬ್ಬರಿಗೇ ಹೇಳಿದೆ. ಅವರೇ ಕಲಬುರಗಿಗೆ ಕರೆದುಕೊಂಡು ಹೋಗಿ ಲೇಡಿ ಡಾಕ್ಟರಿಗೆ ತೋರಿಸಿದರು. ಸೂಜಿ ಚುಚ್ಚಿ ಗಂಟಿನ ತುಣುಕನ್ನು ತಪಾಸಣೆಗೆ ತೆಗೆದುಕೊಂಡರು. ಮನೆಯಲ್ಲಿ ಮಾತ್ರ 'ಟ್ರೇನಿಂಗ್ ಇತ್ತು' ಅಂದೆ.

"ರಿಸಲ್ಟ್ ಹಬ್ಬ ಆದಮ್ಯಾಲೆ ಬರ್ತದ್ರೀ. ಬಂದಕೂಡ್ಲೆ ನಾವೇ ಫೋನ್ ಮಾಡ್ತೀವಿ" ಅಂದಿದ್ದಳು ಕೌಂಟರಿನ ಹುಡುಗಿ.

"ಬ್ಯಾಡವಾ, ನಾನೇ ಮಾಡ್ತೀನಿ" ಅಂದೆ. ನನ್ನ ಫೋನು ಮನೆಯಲ್ಲಿ ಎಲ್ಲರ ಕೈಯಲ್ಲೂ ಓಡಾಡುತ್ತದೆ. ಗಂಡನೋ ಮಗಳೋ ಎತ್ತಿದರೆ?

ಹಾಗಾಗಿ ಹಬ್ಬ ಮಾಡಿದೆ. ಎಣ್ಣೆ ಹಚ್ಚಿದೆ, ಹೋಳಿಗೆ ಬೇಯಿಸಿದೆ, ಆರತಿ ಎತ್ತಿದೆ. ಎಲ್ಲರೂ ನಗುವಾಗ ನಾನೂ ನಕ್ಕೆ. ಹಬ್ಬ ಮುಗಿಯಲಿ, ಮುಗಿಯಲಿ ಅಂತ ಒಳಗೇ ಜಪ.

ಮುಗಿಯಿತು. ಆದರೆ ಫೋನಿನೊಳಗೆ ಮುಗಿಯಲಿಲ್ಲ.

ದಿನಾ ಮಧ್ಯಾಹ್ನದ ಬಿಸಿಯೂಟದ ಬಿಡುವಿನಲ್ಲಿ ಶಾಲೆಯ ಹಿಂದಿನ ಬೇವಿನ ಮರದ ಹತ್ತಿರ ನಿಂತು ಫೋನ್ ಹಚ್ಚುತ್ತಿದ್ದೆ. ದಿನಾ ಅದೇ ಶುಭಾಶಯ, ಅದೇ ಪಟಾಕಿ. 'ರಜೆ ಇರುತ್ತದೆ' ಅನ್ನುವಷ್ಟರಲ್ಲಿ ಕಟ್ ಮಾಡುತ್ತಿದ್ದೆ. ಡಾಕ್ಟರು ಊರಿಗೆ ಹೋಗಿರಬೇಕು. ಅಥವಾ ಅವರ ಮನೆಯಲ್ಲೇ ಏನೋ ಆಗಿರಬೇಕು.

ಖರೆ ಹೇಳಲೇ? ಕಟ್ ಮಾಡಿದಾಗ ಒಂದು ಥರ ಸಮಾಧಾನವೂ ಆಗುತ್ತಿತ್ತು. ಇವತ್ತೊಂದು ದಿನ ಗೊತ್ತಾಗಲಿಲ್ಲವಲ್ಲ! ಹೆದರಿದವರಿಗೆ ಬಾಗಿಲು ಮುಚ್ಚಿದೆ ಅನ್ನುವ ಮಾತಿನಷ್ಟು ಹಿತ ಬೇರೆ ಯಾವುದಿದೆ? ಆದರೆ ಆ ಹಿತ ಊಟದ ಡಬ್ಬಿ ತೆರೆಯುವತನಕ. ತೆರೆದ ಡಬ್ಬಿ ಹಾಗೇ ಮುಚ್ಚಿಡುತ್ತಿದ್ದೆ. ಬೋರ್ಡಿನ ಮೇಲೆ ಬರೆಯುತ್ತಾ ಬರೆಯುತ್ತಾ ಕೈ ತಾನೇ ಎದೆಗೆ ಹೋಗುತ್ತಿತ್ತು. ಗಂಟು ದೊಡ್ಡದಾಯಿತೇ? ಮಗಳ ಮದುವೆ ನೋಡುತ್ತೇನೆಯೇ? (ಅವಳಿನ್ನೂ ಒಂಬತ್ತನೇ ಕ್ಲಾಸು.)

ಒಂದು ದಿನ ಆಪಾ ನನ್ನ ಕೈಯಿಂದ ಫೋನ್ ಕಸಿದುಕೊಂಡು ಸ್ಪೀಕರಿಗೆ ಹಾಕಿ ಕೇಳಿದರು. ಪಟಾಕಿ ಸದ್ದು ಬಂದಕೂಡಲೇ ಅವರ ಹುಬ್ಬು ಮೇಲೇರಿತು.

"ಇದೇನ್ ಹಬ್ಬ ಶೋಭಾ? ನಿಮ್ಮ ಹಬ್ಬ ನಮಗೂ ಗೊತ್ತದ. ಮುಗಿದು ಎಷ್ಟ್ ದಿನ ಆತು! ಮಷೀನ್ ಮಾತು ಕೇಳ್ಕೋತ ಕುಂತೀಯಲ್ಲ. ನಡಿ, ಹೋಗಿ ನೋಡಮು."

"ಬಂದ್ ಇದ್ರ, ಆಪಾ?"

"ಬಂದ್ ಇದ್ರ ಬಾಗಲಿಗೆ ಹಾಕಿದ ಕೀಲಿ ನೋಡ್ಕೊಂಡ್ ಬರಮು. ಫಿಕರ್ ಯಾಕ್?"

ಅರ್ಧ ದಿನ ರಜೆ ಹಾಕಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಆಪಾ ನನ್ನ ಕೈ ಬಿಡಲಿಲ್ಲ.

ದವಾಖಾನೆ ತೆರೆದಿತ್ತು! ಫ್ಯಾನ್ ತಿರುಗುತ್ತಿತ್ತು, ಡಾಕ್ಟರು ಒಳಗಿದ್ದರು. ಆದರೆ ಕುರ್ಚಿಗಳೆಲ್ಲ ಖಾಲಿ. ಕೋಟನೂರಿನ ಒಬ್ಬ ಹೆಣ್ಣುಮಗಳು ಮಾತ್ರ ಗೋಡೆಗೆ ಒರಗಿ ಕುಳಿತಿದ್ದಳು. ಆಪರೇಷನ್ ಆದ ಹೊಲಿಗೆಯಲ್ಲಿ ಕೀವು ತುಂಬಿತ್ತಂತೆ, ಮೈಯಲ್ಲಿ ಜ್ವರ.

"ಮೊದ್ಲೇ ಯಾಕ್ ಬರಲಿಲ್ಲವಾ?" ಅಂದೆ.

"ಫೋನ್ ಮಾಡಿದ್ವಿರೀ. ಬಂದ್ ಅದ ಅಂದ್ರು. ಹಬ್ಬ ಆಗ್ಲಿ ಅಂತ ತಡಕೊಂಡ್ವಿ."

ಕೌಂಟರಿನ ಹುಡುಗಿಯ ಹತ್ತಿರ ಹೋದೆ. ಅವಳು ನನ್ನನ್ನು ಗುರುತು ಹಿಡಿದಳು.

"ಎಲ್ಲಿ ಹೋಗಿದ್ರೀ ಮೇಡಂ? ನಿಮ್ಮ ಫೋನ್ ಬರ್ತದಂತ ಕಾಯ್ಲತೀವಿ. ಈ ಸಲ ಯಾಕೋ ಹಬ್ಬ ಆದಮ್ಯಾಲೆ ಫೋನೇ ಬರವಲ್ಲವು. ಜನಾನೂ ಇಲ್ಲ."

ನಾನು ಏನೋ ಹೇಳಬೇಕು ಅನ್ನುವಷ್ಟರಲ್ಲಿ, ಆ ಹೆಣ್ಣುಮಗಳ ಚೀಟಿ ಇನ್ನೂ ಆಗಿಲ್ಲವೆಂದು ನನ್ನನ್ನೇ ಮೊದಲು ಒಳಗೆ ಕರೆದರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. ಆ ಒಂದು ಗಳಿಗೆ ಇದೆಯಲ್ಲ, ಅದನ್ನು ಬರೆಯಲು ನನಗೆ ಈಗಲೂ ಆಗುತ್ತಿಲ್ಲ.

"ಗಾಬರಿ ಆಗೋದೇನಿಲ್ರೀ. ಕ್ಯಾನ್ಸರ್ ಅಲ್ಲ. ಸಾದಾ ಗಂಟು. ಆದ್ರ ಆಗಾಗ ಬಂದು ತೋರಿಸ್ಕೋತ ಇರಬೇಕು."

ಆಪಾ "ಯಾ ಅಲ್ಲಾ" ಅಂತ ಕುರ್ಚಿಗೆ ಒರಗಿದರು. ನಾನು ಅತ್ತೆ. ಅಳು ನಿಂತಮೇಲೆ ಹೇಳಿದೆ, "ಡಾಕ್ಟ್ರೇ, ನಿಮ್ಮ ದವಾಖಾನಿಗೆ ನೀವೇ ಒಮ್ಮೆ ಫೋನ್ ಹಚ್ಚಿ ನೋಡ್ರಿ."

ಅವರಿಗೆ ತಿಳಿಯಲಿಲ್ಲ. ಆದರೂ ತಮ್ಮ ಮೊಬೈಲಿನಿಂದ ಹಚ್ಚಿದರು.

ಶುಭಾಶಯ ಬಂತು. ಶಹನಾಯಿ ಬಂತು. ಪಟಾಕಿ ಸಿಡಿದವು. ರಜೆ ಇದೆ ಅಂತ ಅವರ ದವಾಖಾನೆಯೇ ಅವರಿಗೆ ಹೇಳಿತು. ಹೊರಗೆ ಕೌಂಟರಿನ ಫೋನು ಮಾತ್ರ ತಣ್ಣಗೆ ಕೂತಿತ್ತು. ಡಾಕ್ಟರು ಕಟ್ ಮಾಡಲಿಲ್ಲ. ಸಂಗೀತ ಹರಿಯುತ್ತಲೇ ಇತ್ತು. ನಾವು ಮೂವರೂ ಬಾಗಿಲ ಕಡೆ ನೋಡುತ್ತಾ ಕುಳಿತೆವು. ಬಹಳ ಹೊತ್ತಿನ ಮೇಲೆ ಹೊರಗೆ ಕೌಂಟರಿನ ಫೋನು ಟ್ರಿಣ್ ಅಂದಿತು. "ಹೇಳ್ರೀ" ಅಂದಳು ಹುಡುಗಿ, ಲವಲವಿಕೆಯಿಂದ.

ಡಾಕ್ಟರು ಫೋನ್ ಕೆಳಗಿಟ್ಟರು. "ರಜೆ ಅಂತ ಕೇಳಿದ ಮ್ಯಾಲೆ ಅಷ್ಟೊತ್ತು ಯಾರ್ ತಡೀತಾರ್ರೀ?" ಅಂದರು, ತಮಗೆ ತಾವೇ. ಎದ್ದು ಹೋಗಿ ಕೋಟನೂರಿನ ಹೆಣ್ಣುಮಗಳನ್ನು ತಾವೇ ಕೈ ಹಿಡಿದು ಒಳಗೆ ಕರೆತಂದರು. ಹೋಗುತ್ತಾ ಹುಡುಗಿಗೆ ಹೇಳಿದ್ದು ನನಗೆ ಕೇಳಿಸಿತು: "ಮೊದ್ಲು ಆ ಪಟಾಕಿ ಬಂದ್ ಮಾಡ್ಸು. ಆಮ್ಯಾಲೆ ರಿಜಿಸ್ಟರ್ ನೋಡಿ, ಹಬ್ಬ ಆದಮ್ಯಾಲೆ ಬರಬೇಕಾದವರಿಗೆಲ್ಲ ನೀನೇ ಒಬ್ಬೊಬ್ಬರಿಗೆ ಫೋನ್ ಹಚ್ಚು."

ಸಂಜೆ ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಒಬ್ಬಾಕಿನೇ ಹೆಂಗ್ ತಡಕೊಂಡಿ?" ಅಂದವರು ಮುಖ ಆ ಕಡೆ ತಿರುಗಿಸಿದರು.

ನಾನು ಬಚಾವಾದೆ. ಕೋಟನೂರಿನ ಆ ಹೆಣ್ಣುಮಗಳು ಇನ್ನೂ ಗುಣವಾಗುತ್ತಿದ್ದಾಳೆ. ಅವಳ ಹಾಗೆ 'ಬಂದ್ ಅದ' ಅಂತ ನಂಬಿ ಮನೆಯಲ್ಲೇ ಉಳಿದವರು ಇನ್ನೆಷ್ಟು ಮಂದಿಯೋ ಅನ್ನುವುದು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಶುಭಾಶಯ ರೆಕಾರ್ಡ್ ಮಾಡಿಸುವ ಉತ್ಸಾಹ ಎಲ್ಲರಿಗೂ ಇದೆ. ದವಾಖಾನೆ, ಅಂಗಡಿ, ಗ್ಯಾಸ್ ಏಜೆನ್ಸಿ, ಯಾರೂ ಕಡಿಮೆಯಿಲ್ಲ. ತೆಗೆಯುವ ಕೆಲಸ ಯಾರದು?

ಹಬ್ಬ ಮುಗಿದಿದೆ ಸ್ವಾಮಿ, ನಿಮ್ಮ ಫೋನಿಗೆ ಯಾರಾದರೂ ತಿಳಿಸಿದ್ದೀರಾ?