ಸವರಿಯಮ್ಮ ಹುಯ್ದ ನೀರು

ಹಲಸೂರು ಕೆರೆಯಾಚೆ ಒಂದು ಚಿಕ್ಕ ಇಗರ್ಜಿ. ಅದರ ಹಿಂದೆ, ಹಿಂದೊಂದು ಕಾಲಕ್ಕೆ ಕುದುರೆಗಾಡಿ ನಿಲ್ಲಿಸುತ್ತಿದ್ದ ಉದ್ದನೆಯ ಕೋಣೆ. ಯುದ್ಧ ಬಂದು ರಾಗಿಗೂ ಸಾಲು ನಿಲ್ಲುವ ದಿನಗಳು ಬಂದಾಗ ಇಗರ್ಜಿಯ ಪಾದ್ರಿ ಸ್ವಾಮಿಗಳು ಆ ಕೋಣೆಗೆ ಸುಣ್ಣ ಹೊಡೆಸಿ, ಚಾಪೆ ಹಾಸಿಸಿ, ಬಸುರಾಗಿ ಬೀದಿಗೆ ಬಿದ್ದ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು. ಹೆರಿಗೆಯಾಗುವ ತನಕ ಗಂಜಿ, ಆಮೇಲೆ ಕೆಲವು ವಾರ ಆಸರೆ. ಜನ ಅದನ್ನು ಗಾಡಿಮನೆ ಎಂದೇ ಕರೆದರು. ಅಲ್ಲಿಯ ಸೂಲಗಿತ್ತಿ, ಅಡುಗೆಯವಳು, ಕಾವಲುಗಾತಿ, ಮೂರೂ ಸವರಿಯಮ್ಮನೇ.

ಅವಳು ವಿಧವೆ. ಎಳೆ ವಯಸ್ಸಿನಲ್ಲಿ ಹೆತ್ತ ಒಂದೇ ಕೂಸು ನೀಲಿಗಟ್ಟಿ ಹುಟ್ಟಿತ್ತು. ಸ್ವಾಮಿಗಳನ್ನು ಕರೆತರಲು ಗಂಡ ಓಡಿದ್ದ; ಅವರು ಬರುವಷ್ಟರಲ್ಲಿ ಕೂಸು ಅವಳ ತೊಡೆಯ ಮೇಲೆ ತಣ್ಣಗಾಗಿತ್ತು. ತಲೆಗೆ ನೀರೆರೆದು ಕ್ರೈಸ್ತರಿಗೆ ಸೇರಿಸುವ ಜ್ಞಾನಸ್ನಾನವಾಗದ ಕೂಸಿಗೆ ಇಗರ್ಜಿಯ ಮಣ್ಣಿಲ್ಲ. ಗೋಡೆಯ ಹೊರಗೆ, ಲಂಟಾನದ ಪೊದೆಯ ಬುಡದಲ್ಲಿ ಹೂತರು. ಅದಾದ ಮೇಲೆಯೇ ಅವಳು ಕಲಿತದ್ದು: ಜೀವ ಜಾರುತ್ತಿರುವಾಗ ಸ್ವಾಮಿಗಳೇ ಬರಬೇಕಾಗಿಲ್ಲ, ಯಾರು ಬೇಕಾದರೂ ತಲೆಗೆ ನೀರು ಹುಯ್ದು ಪಿತ, ಸುತ, ಪವಿತ್ರಾತ್ಮ ಎಂಬ ಮೂರು ಪವಿತ್ರ ಹೆಸರು ಹೇಳಬಹುದು. ಆಮೇಲೆ ಅವಳ ಕೈಯಿಂದ ಒಂದು ಕೂಸೂ ಒಣತಲೆಯಲ್ಲಿ ಹೋಗಲಿಲ್ಲ.

ಅಂಜಿನಮ್ಮ ಅವಳ ಕಣ್ಣಿಗೆ ಬಿದ್ದದ್ದು ಹಲಸೂರು ಮಾರುಕಟ್ಟೆಯಲ್ಲಿ, ಎಸೆದ ಕೋಸಿನೆಲೆ ಹೆಕ್ಕುತ್ತಿದ್ದಾಗ. ದೊಡ್ಡನೆಕ್ಕುಂದಿಯ ಹುಡುಗಿ. ಸೈನ್ಯದವರ ಬ್ಯಾರಕ್ಕು ಕಟ್ಟುವಲ್ಲಿ ಗಾರೆ ಹೊರುತ್ತಿದ್ದಳು. ಮದುವೆಯಾಗುತ್ತೇನೆಂದ ಮೇಸ್ತ್ರಿ ಕೂಲಿಪಡೆಗೆ ಸೇರಿ ಅಸ್ಸಾಮಿಗೆ ಹೋದವನ ಸುದ್ದಿಯಿಲ್ಲ. ಹೊಟ್ಟೆ ಕಾಣಿಸಿದ ದಿನ ಅಪ್ಪ ದೊಡ್ಡಮುನಿಯಪ್ಪ ಅವಳನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಿದ್ದ.

ಗಾಡಿಮನೆಗೆ ಬಂದ ಹುಡುಗಿ ಮೊದಲು ಗಂಜಿ ಕುಡಿದಳು, ಆಮೇಲೆ ಗೋಡೆಯ ಶಿಲುಬೆಯನ್ನು ನೋಡಿದಳು.

“ನಿಮ್ ದೇವ್ರು ಯಾಕಮ್ಮ ಇಷ್ಟು ಬಡಕಲು? ಅವ್ರಿಗೂ ರೇಷನ್ನಾ?”

“ಬಾಯ್ಮುಚ್ಚೆ, ಮುಂಡೇದೆ,” ಅಂದಳು ಸವರಿಯಮ್ಮ, ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡು.

“ಒಂದ್ ಮಾತು ಕಣಮ್ಮ. ನನ್ ಮಗೂನ ನಿಮ್ಮೋರ್ಗೆ ಸೇರಿಸ್ಕೋಬೇಡಿ. ನಮ್ಮಪ್ಪನ ಕ್ವಾಪ ಇಳಿದ್ರೆ ನಮ್ಮವ್ವ ಕರ್ಕೊಂಡೋಗಾಕೆ ಬತ್ತಾಳೆ.”

“ಇಲ್ಲಿ ಯಾರೂ ಯಾರ್ನೂ ಕಿತ್ಕೊಳ್ಳಲ್ಲ. ನಾನಿದೀನಿ, ಮಲ್ಗು.”

ಆ ಮಾತು ಕೊಟ್ಟಾಗ ಅವಳಿಗೆ ಅದು ಹಗುರವಾಗಿಯೇ ಕಂಡಿತ್ತು.

ನಡುಮಧ್ಯಾಹ್ನದ ಹೆರಿಗೆ. ಗಂಡುಕೂಸು ನೀಲಿಗಟ್ಟಿ ಜಾರಿಬಂತು, ಉಸಿರಿಲ್ಲ, ಅಳುವಿಲ್ಲ. ಸವರಿಯಮ್ಮ ಕಾಲು ಹಿಡಿದು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು. ಆಮೇಲೆ ಅವಳು ಯೋಚಿಸಲಿಲ್ಲ. ಕೈ ತಾನಾಗಿ ಮಡಕೆಗೆ ಹೋಯಿತು, ತಣ್ಣೀರು ಕೂಸಿನ ನೆತ್ತಿಯ ಮೇಲಿಳಿಯಿತು, ತುಟಿ ಮೂರು ಹೆಸರು ಹೇಳಿತು. ತಣ್ಣೀರು ಸೋಕಿದ್ದೇ ತಡ, ಕೂಸು ಬೆಚ್ಚಿ ಬಿಕ್ಕಿತು, ಮರುಗಳಿಗೆ ಗಾಡಿಮನೆ ತುಂಬ ಅತ್ತಿತು.

“ನೀರ್ಯಾಕಮ್ಮ ಹುಯ್ದೆ?” ಅಂಜಿನಮ್ಮ ಚಾಪೆಯಿಂದಲೇ ಕೇಳಿದಳು.

“ಉಸ್ರು ಬರ್ಲಿ ಅಂತ ಕಣವ್ವ.”

ಬಂದಿತ್ತಲ್ಲ, ಉಸಿರು. ಆದರೆ ತಾನು ಮಾಡಿದ್ದೇನೆಂದು ಸವರಿಯಮ್ಮನಿಗೆ ಆಗ ಹೊಳೆಯಿತು. ನೀರು ಬಿದ್ದ ಕೂಸು ಸತ್ತರೆ ಸ್ವರ್ಗದ್ದು, ಬದುಕಿದರೆ ಇಗರ್ಜಿಯದ್ದು. ಅದನ್ನು ಹೊರಗಿನವರ ಮನೆಗೆ ಕೊಡುವಂತಿರಲಿಲ್ಲ. ಕನ್ಯಾಸ್ತ್ರೀಯರ ಅನಾಥಾಲಯದಲ್ಲಿ ಕ್ರಿಸ್ತನ ಮಗುವಾಗಿ ಬೆಳೆಯಬೇಕು. ನಿಯಮ ಹಾಗಿತ್ತು, ಅವಳು ಅದನ್ನು ನಂಬಿದ್ದಳು. ಸ್ವಾಮಿಗಳು ಆಗ ಚಳಿಜ್ವರದಲ್ಲಿ ಮಲಗಿದ್ದರು. ಕೇಳುವವರಿರಲಿಲ್ಲ; ಅವಳೂ ಹೇಳಲಿಲ್ಲ.

ಬಾಣಂತಿ ಎದ್ದು ಓಡಾಡುವ ಹೊತ್ತಿಗೆ ಅವಳ ತಾಯಿ ವೆಂಕಟಮ್ಮ ಎತ್ತಿನ ಗಾಡಿಯಲ್ಲಿ ಬಂದಳು. ಮೊಮ್ಮಗನನ್ನು ಎತ್ತಿಕೊಂಡವಳೇ ಮೂಸಿದಳು.

“ಥೂ, ಏನೇ ಇದು, ಸಾಬೂನ್ ವಾಸ್ನೆ! ಹರಳೆಣ್ಣೆ ಹಚ್ಚಲ್ವಾ ಇವ್ರು?”

“ಯುದ್ಧ ಕಣಕ್ಕ, ಎಣ್ಣೆ ಎಲ್ಲೈತೆ?” ಅಂದಳು ಸವರಿಯಮ್ಮ. “ಮನೇಲಿ ಏನಂತಾರೆ?”

“ಬರ್ಲಿ ಅಂತು ಮುದುಕ. ಮಕಾ ತಿರುಗಿಸ್ಕೊಂಡೇ ಅಂತು. ಅಂತಲ್ಲ, ಅಷ್ಟೇ ಸಾಕು.”

ಗಾಡಿ ಹೊರಡುವ ಹೊತ್ತಿಗೆ ಸ್ವಾಮಿಗಳು ಶಾಲು ಹೊದ್ದು ಮೆಲ್ಲಗೆ ನಡೆದುಬಂದರು. ಜ್ವರ ಬಿಟ್ಟು ಮುಖ ಹಳದಿಯಾಗಿತ್ತು. ಮೂವತ್ತು ವರ್ಷ ಈ ನೆಲದಲ್ಲಿ ಸವೆದ ಫ್ರೆಂಚ್ ಮನುಷ್ಯ; ಅವರ ಕನ್ನಡದಲ್ಲಿ ಅರ್ಧ ತಮಿಳು. ಕೂಸಿನ ಕೆನ್ನೆ ಮುಟ್ಟಿದರು. ಗಾಡಿಮನೆಯಲ್ಲಿ ಹುಟ್ಟಿದ ಪ್ರತಿ ಕೂಸಿನ ಮುಂದೆ ಅವರು ಕೇಳಲೇಬೇಕಾದ ಮಾತನ್ನು ಕೇಳಿದರು:

“ಸವರಿಯಮ್ಮ, ಇದು ಹುಟ್ಟುವಾಗ ಕಷ್ಟ ಆಯ್ತಂತೆ. ನೀರು ಹುಯ್ದೆಯಾ?”

ಅಂಜಿನಮ್ಮ ಗಾಡಿಯ ಗೂಟ ಹಿಡಿದು ನಿಂತಿದ್ದಳು. ಅದನ್ನು ಯಾಕೆ ಕೇಳುತ್ತಿದ್ದಾರೆಂದು ತಿಳಿಯದೆ ಸುಮ್ಮನೆ ನಗುತ್ತಿದ್ದಳು.

“ಇಲ್ಲ ಸ್ವಾಮಿ. ತಾನಾಗೇ ಅತ್ತುಬಿಡ್ತು.”

ಸ್ವಾಮಿಗಳು ಅವಳನ್ನು ತುಸು ಹೊತ್ತು ನೋಡಿದರು. ಎರಡನೆಯ ಸಲ ಕೇಳಲಿಲ್ಲ. ಗಾಡಿ ಧೂಳೆಬ್ಬಿಸಿ ಹೋಯಿತು.

ಆ ಭಾನುವಾರದಿಂದ ಸವರಿಯಮ್ಮ ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳಲು ಏಳಲಿಲ್ಲ. ಪಾಪನಿವೇದನೆ ಮಾಡದೆ ಪ್ರಸಾದ ತೆಗೆದುಕೊಳ್ಳುವಂತಿಲ್ಲ; ನಿವೇದಿಸಿದರೆ, ಹೋಗಿ ನಿಜ ಹೇಳಿ ಕೂಸನ್ನು ತಾ ಎನ್ನುತ್ತಾರೆ. ಬೆಂಚಿನ ಹೆಂಗಸರೆಲ್ಲ ಎದ್ದು ಹೋಗುವಾಗ ಅವಳು ಮೊಣಕಾಲು ಓರೆ ಮಾಡಿ ದಾರಿ ಬಿಡುತ್ತಿದ್ದಳು. ನಲ್ಲಿಯ ಹತ್ತಿರ ಮಾತು ಹುಟ್ಟಿತು.

“ಏನ್ ಸವರಿಯಕ್ಕ, ಬಸುರಿಯರ ಜೊತೆ ಇದ್ದೂ ಇದ್ದೂ ನಿಂಗೂ ಏನಾರ ಅಂಟ್ಕೊಂತಾ?” ಅಂದಳು ಇನ್ನಾಸಮ್ಮ. ಕೊಡಗಳು ಕುಲುಕುವಷ್ಟು ನಗು. ಆಮೇಲಾಮೇಲೆ ಕ್ರೈಸ್ತರ ಮನೆಗಳಿಂದ ಹೆರಿಗೆಗೆ ಕರೆ ಬರುವುದೂ ನಿಂತಿತು.

ಮಳೆಗಾಲ ಕಳೆದು ಚಳಿ ಬಿದ್ದಾಗ ಅಂಜಿನಮ್ಮ ನಡೆದುಕೊಂಡು ಬಂದಳು. ಮಡಿಲು ಬರಿದಾಗಿತ್ತು.

“ಹಾಲು ಬತ್ತೋಯ್ತು ಕಣಮ್ಮ. ರಾಗಿ ಗಂಜೀನೂ ಇರ್ಲಿಲ್ಲ. ಆಮ್ಯಾಕೆ ಜ್ವರ.”

ಸವರಿಯಮ್ಮನಿಗೆ ಮೊದಲು ನೆನಪಾದದ್ದು ಕನ್ಯಾಸ್ತ್ರೀಯರ ಅನಾಥಾಲಯದ ಕಪಾಟು. ಅಲ್ಲಿ ಮಿಲಿಟರಿಯವರು ಕೊಟ್ಟ ಹಾಲಿನಪುಡಿಯ ಡಬ್ಬಗಳು ಸಾಲಾಗಿದ್ದವು.

“ನನ್ ಮಡ್ಲಲ್ಲೇ ಹೋಯ್ತಮ್ಮ,” ಅಂದಳು ಹುಡುಗಿ. “ಕೊನೇ ತಂಕ ನನ್ ಬೆರಳು ಹಿಡ್ಕೊಂಡಿತ್ತು. ನೀನು ಅವತ್ತು ಕಳಿಸ್ದೆ ಇದ್ದಿದ್ರೆ ಅದು ನನ್ ಮಕಾನೇ ಕಾಣ್ತಿರ್ಲಿಲ್ಲ.”

ಹಾಗಾದರೆ ಆ ನೀರಿನ ನಿಯಮವನ್ನು ಯಾರೋ ಹೇಳಿದ್ದಾರೆ, ಇಲ್ಲವೇ ಅವಳೇ ತಿಳಿದುಕೊಂಡಿದ್ದಾಳೆ. ಸವರಿಯಮ್ಮ ಕೇಳಲಿಲ್ಲ. ಇದ್ದ ಗಂಜಿಯನ್ನು ಬಿಸಿ ಮಾಡಿ ಅವಳ ಮುಂದಿಟ್ಟಳು.

ಆ ಶನಿವಾರ ಸವರಿಯಮ್ಮ ಪಾಪನಿವೇದನೆಯ ಸಾಲಿನಲ್ಲಿ ನಿಂತಳು. ಇನ್ನು ಹೇಳಬಹುದು. ಕಿತ್ತುಕೊಳ್ಳಲು ಯಾವ ಮಡಿಲಲ್ಲೂ ಏನೂ ಉಳಿದಿಲ್ಲ. ಸ್ವಾಮಿಗಳು ಕೂತ ಗೂಡಿನ ಜಾಲರಿಯ ಮುಂದೆ ಮೊಣಕಾಲೂರಿ ಎಲ್ಲವನ್ನೂ ಹೇಳಿದಳು: ನೀರು, ಸುಳ್ಳು, ಹಾಲಿನಪುಡಿ, ಬರಿದಾದ ಮಡಿಲು. ಆಚೆ ಕಡೆಯಿಂದ ಸ್ವಾಮಿಗಳು ಕೇಳಿದರು:

“ಸುಳ್ಳು ಹೇಳಿದ್ದಕ್ಕೆ ಪಶ್ಚಾತ್ತಾಪ ಇದೆಯಾ, ಮಗಳೇ? ಅದಿಲ್ಲದೆ ನಾನು ಕ್ಷಮೆ ಕೊಡೋ ಹಾಗಿಲ್ಲ.”

ಅವಳು ಕೂಸನ್ನು ನೆನೆದಳು, ಇದೆ ಎನ್ನಬೇಕೆನಿಸಿತು. ಅದು ತಾಯಿಯ ಬೆರಳು ಹಿಡಿದದ್ದನ್ನು ನೆನೆದಳು, ಹಾಗೆಂದರೆ ಅದೂ ಸುಳ್ಳಾಗುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

“ಇನ್ನೂ ಬಂದಿಲ್ಲ ಸ್ವಾಮಿ.”

“ಹಾಗಾದರೆ ಬರೋ ಶನಿವಾರ ಬಾ,” ಅಂದರು ಸ್ವಾಮಿಗಳು.

ಅವಳು ಬರುವ ಶನಿವಾರ ಹೋದಳು. ಅದರ ಮುಂದಿನ ಶನಿವಾರವೂ ಹೋದಳು.